ವಾಹಿನಿಗಳ ವಿಲೀನದಲ್ಲಿ ನಿರೂಪಕರ ಆಯ್ಕೆ ಬಹಿರಂಗವಾಗಿ ನಡೆಯಲಿ

ಮಾನ್ಯ ಸಂಪಾದಕರೇ,

ಎರಡು ಸುದ್ದಿವಾಹಿನಿಗಳು ಒಂದಾಗಲಿವೆ ಎಂಬ ವರದಿ ಬಂದಾಗ ಪತ್ರಿಕೆಗಳ ವಾಣಿಜ್ಯ ಪುಟದಲ್ಲಿ ಷೇರು ವಿನಿಮಯದ ಅನುಪಾತ, ಎರಡೂ ಕಡೆಯ ಸಾಲದ ಹೊರೆ, ಹೊಸ ಆಡಳಿತ ಮಂಡಳಿಯಲ್ಲಿ ಯಾರಿಗೆ ಎಷ್ಟು ಸ್ಥಾನ ಎಂಬ ವಿವರಗಳೆಲ್ಲ ಓದಲು ಸಿಗುತ್ತವೆ. ಆ ವಾಹಿನಿಗಳಲ್ಲಿ ಬೆಳಗಿನಿಂದ ರಾತ್ರಿಯವರೆಗೆ ಸುದ್ದಿ ಓದುತ್ತಿದ್ದ, ಚರ್ಚೆ ನಡೆಸುತ್ತಿದ್ದ ನಿರೂಪಕರಲ್ಲಿ ಯಾರನ್ನು ಉಳಿಸಿಕೊಳ್ಳುತ್ತಾರೆ, ಯಾರನ್ನು ಕಳಿಸುತ್ತಾರೆ, ಆ ತೀರ್ಮಾನವನ್ನು ಯಾರು ಯಾವ ಆಧಾರದ ಮೇಲೆ ಮಾಡುತ್ತಾರೆ ಎಂಬುದು ಮಾತ್ರ ಸಿಗುವುದಿಲ್ಲ. ಕೆಲವು ದಿನ ಕಳೆದ ಮೇಲೆ ಒಬ್ಬರು ಕಾಣದಾಗುತ್ತಾರೆ, ಅವರು ಬರುತ್ತಿದ್ದ ಹೊತ್ತಿನಲ್ಲಿ ಬೇರೊಬ್ಬರು ಕುಳಿತಿರುತ್ತಾರೆ. ಇದನ್ನು ಕಂಪನಿಯ ಒಳಗಿನ ವ್ಯವಹಾರವೆಂದು ಬಿಟ್ಟುಬಿಡುವುದು ಸರಿಯಲ್ಲ ಎಂಬುದು ನನ್ನ ದೃಢವಾದ ಅಭಿಪ್ರಾಯ. ಆಯ್ಕೆಯ ನಿಯಮಗಳು ಮೊದಲೇ ಪ್ರಕಟವಾಗಬೇಕು, ಫಲಿತಾಂಶಕ್ಕೆ ಕಾರಣ ಹೇಳಬೇಕು, ಆರಿಸುವಾಗ ನಾಡಿನ ಬೇರೆಬೇರೆ ಪ್ರದೇಶಗಳ ತಿಳಿವಳಿಕೆಗೆ ದೊಡ್ಡ ಬೆಲೆ ಸಿಗಬೇಕು. ಅದನ್ನು ತುಸು ವಿವರವಾಗಿ ಹೇಳಲು ನಿಮ್ಮ ಪತ್ರಿಕೆಯಲ್ಲಿ ಜಾಗ ಕೋರುತ್ತೇನೆ.

ಈಚಿನ ವರ್ಷಗಳಲ್ಲಿ ಈ ವಿಷಯ ಜಗತ್ತಿನ ಗಮನಕ್ಕೆ ಬಂದದ್ದು ಬ್ರಿಟನ್ನಿನ ಬಿಬಿಸಿಯಿಂದ. ಆ ಸಂಸ್ಥೆಗೆ ಎರಡು ಸುದ್ದಿವಾಹಿನಿಗಳಿದ್ದವು. ಒಂದು, ಅಲ್ಲಿನ ಜನ ಕಟ್ಟುವ ಪರವಾನಗಿ ಶುಲ್ಕದಿಂದ ನಡೆಯುತ್ತಿದ್ದ ದೇಶೀಯ ವಾಹಿನಿ. ಇನ್ನೊಂದು, ಹೊರದೇಶಗಳ ವೀಕ್ಷಕರಿಗಾಗಿ ಜಾಹೀರಾತಿನ ಹಣದಿಂದ ನಡೆಯುತ್ತಿದ್ದ ವರ್ಲ್ಡ್ ನ್ಯೂಸ್. ಇವೆರಡನ್ನೂ ಒಂದು ಮಾಡುವುದಾಗಿ 2022ರ ಜುಲೈಯಲ್ಲಿ ಪ್ರಕಟಿಸಿದ ಬಿಬಿಸಿ, 2023ರ ಏಪ್ರಿಲ್ 3ರಂದು ಹೊಸ ವಾಹಿನಿಯನ್ನು ಆರಂಭಿಸಿತು. ಅದಕ್ಕೆ ಮೊದಲು, ಫೆಬ್ರುವರಿಯಲ್ಲಿ, ಐವರು ಮುಖ್ಯ ನಿರೂಪಕರ ಹೆಸರುಗಳು ಹೊರಬಂದವು: ಮ್ಯಾಥ್ಯೂ ಅಮ್ರೋಲಿವಾಲಾ, ಕ್ರಿಶ್ಚಿಯನ್ ಫ್ರೇಸರ್, ಯಾಲ್ದಾ ಹಕೀಮ್, ಲೂಸಿ ಹಾಕಿಂಗ್ಸ್ ಮತ್ತು ಮರ್ಯಮ್ ಮೊಶಿರಿ. ವರ್ಷಗಟ್ಟಲೆ ಅದೇ ಕೆಲಸ ಮಾಡಿದ್ದ ಹಲವರು ಆ ಪಟ್ಟಿಯಲ್ಲಿ ಇರಲಿಲ್ಲ. ಅವರಲ್ಲಿ ಮಾರ್ಟೀನ್ ಕ್ರಾಕ್ಸಾಲ್, ಕ್ಯಾರಿನ್ ಜನೋನಿ, ಕಾಶಾ ಮಡೇರಾ, ಅನಿತಾ ಮೆಕ್‌ವೇ ಎಂಬ ನಾಲ್ವರು ಮಹಿಳೆಯರು ಉದ್ಯೋಗ ನ್ಯಾಯಮಂಡಳಿಯ ಮೊರೆ ಹೋದರು. ಹುದ್ದೆಗಳಿಗೆ ಅರ್ಜಿ ಕರೆದು ಸಂದರ್ಶನ ನಡೆಸಿದ್ದು ತೋರಿಕೆಗೆ ಮಾತ್ರ, ಯಾರಿಗೆ ಕೊಡಬೇಕೆಂಬುದು ಮೊದಲೇ ತೀರ್ಮಾನವಾಗಿತ್ತು, ತಮ್ಮ ವಯಸ್ಸು ಮತ್ತು ಹೆಣ್ಣುತನ ತಮಗೆ ಮುಳುವಾಯಿತು ಎಂಬುದು ಅವರ ದೂರಿನ ತಿರುಳು. ಬಿಬಿಸಿ ಈ ಆರೋಪಗಳನ್ನು ಒಪ್ಪಲಿಲ್ಲ. ಸುಮಾರು ಒಂದು ವರ್ಷ ಕಾಲ ಅವರಿಗೆ ಸಂಬಳ ಬರುತ್ತಿತ್ತು, ಪರದೆಯ ಮೇಲೆ ಕೆಲಸ ಇರಲಿಲ್ಲ. ಕೊನೆಗೆ 2025ರ ಮಾರ್ಚ್‌ನಲ್ಲಿ, ವಿಚಾರಣೆ ಇನ್ನೇನು ಆರಂಭವಾಗಬೇಕು ಎನ್ನುವಾಗ, ತಪ್ಪೊಪ್ಪಿಗೆಯಿಲ್ಲದೆ ಎರಡೂ ಕಡೆಯವರು ರಾಜಿಯಾದರು.

ರಾಜಿಯಾದ್ದರಿಂದ ಯಾರ ಮಾತು ನಿಜವೆಂದು ತೀರ್ಪು ಬರಲಿಲ್ಲ. ನಾನೂ ಅದನ್ನು ಇಲ್ಲಿ ತೀರ್ಮಾನಿಸಲು ಹೊರಟಿಲ್ಲ. ಆದರೆ ಆ ಪ್ರಕರಣದಿಂದ ಒಂದು ವಿಷಯ ಸ್ಪಷ್ಟವಾಗುತ್ತದೆ. ಶತಮಾನದ ಅನುಭವವಿರುವ, ಸಾರ್ವಜನಿಕರ ಹಣದಿಂದ ನಡೆಯುವ, ನೇಮಕಾತಿಗೆ ಲಿಖಿತ ನಿಯಮಾವಳಿಯಿರುವ ಸಂಸ್ಥೆಯಲ್ಲೇ ವಿಲೀನದ ಹೊತ್ತಿನ ಆಯ್ಕೆಯ ಬಗ್ಗೆ ಇಷ್ಟು ಗಂಭೀರವಾದ ಅನುಮಾನ ಹುಟ್ಟಬಹುದಾದರೆ, ಅರ್ಜಿಯೇ ಕರೆಯದೆ, ನಿಯಮವೇ ಬರೆಯದೆ, ಮಾಲೀಕರ ಕೋಣೆಯಲ್ಲಿ ಕುಳಿತು ಹೆಸರುಗಳಿಗೆ ಗೀಟು ಎಳೆಯುವ ಖಾಸಗಿ ವಾಹಿನಿಗಳ ಬಗ್ಗೆ ವೀಕ್ಷಕರು ಏನೆಂದು ತಿಳಿಯಬೇಕು?

ಈ ಆಯ್ಕೆಯ ಒಳಗಿನ ಲೆಕ್ಕಾಚಾರ ಅರ್ಥವಾಗದಷ್ಟು ಗಹನವೇನಲ್ಲ. ಎರಡು ವಾಹಿನಿಗಳು ಒಂದಾದಾಗ ಬೆಳಗಿನ ಬುಲೆಟಿನ್‌ಗೆ ಇಬ್ಬರು, ಮಧ್ಯಾಹ್ನಕ್ಕೆ ಇಬ್ಬರು, ರಾತ್ರಿ ಒಂಬತ್ತರ ಪ್ರೈಮ್ ಟೈಮಿಗೆ ಇಬ್ಬರು, ವಾರಾಂತ್ಯದ ವಿಶೇಷ ಕಾರ್ಯಕ್ರಮಗಳಿಗೆ ಮತ್ತಷ್ಟು ಜನ ಹೀಗೆ ಪ್ರತಿಯೊಂದು ಕುರ್ಚಿಗೂ ಒಬ್ಬರಿಗಿಂತ ಹೆಚ್ಚು ಹಕ್ಕುದಾರರಾಗುತ್ತಾರೆ. ಆಗ ಆಡಳಿತದವರು ಮೊದಲು ನೋಡುವುದು ಸಂಬಳದ ಪಟ್ಟಿಯನ್ನು. ಹಳಬರ ಸಂಬಳ ಹೆಚ್ಚು, ಹೊಸಬರದ್ದು ಕಡಿಮೆ. ಖರ್ಚು ಇಳಿಸುವುದೇ ವಿಲೀನದ ಉದ್ದೇಶವಾಗಿದ್ದರೆ ತಕ್ಕಡಿ ಯಾವ ಕಡೆ ವಾಲುತ್ತದೆಂದು ಬೇರೆ ಹೇಳಬೇಕಿಲ್ಲ. ಎರಡನೆಯದಾಗಿ ಕರಾರಿನಲ್ಲಿ ಇನ್ನೆಷ್ಟು ತಿಂಗಳು ಬಾಕಿಯಿದೆ, ಬಿಟ್ಟುಹೋದವರು ಎದುರಾಳಿ ವಾಹಿನಿಗೆ ಸೇರದಂತೆ ತಡೆಯುವ ಷರತ್ತು ಇದೆಯೇ ಎಂದು ನೋಡುತ್ತಾರೆ. ಅದಾದ ಮೇಲೆ ಟಿಆರ್‌ಪಿ ಬರುತ್ತದೆ, ಅದರ ಜೊತೆಗೆ ಸಾಮಾಜಿಕ ಜಾಲತಾಣಗಳಲ್ಲಿ ಎಷ್ಟು ಲಕ್ಷ ಹಿಂಬಾಲಕರು ಎಂಬ ಎಣಿಕೆ. ಯಾರ ಬಣದ ಸಂಪಾದಕರು ಹೊಸ ಸಂಸ್ಥೆಯಲ್ಲಿ ಗಟ್ಟಿಯಾಗಿ ಕುಳಿತಿದ್ದಾರೆ ಎಂಬುದೂ ಲೆಕ್ಕಕ್ಕೆ ಬರುತ್ತದೆ. ಕೊಳ್ಳುವ ವಾಹಿನಿಯವರು ಉಳಿಯುತ್ತಾರೆ, ಮಾರಾಟವಾದ ವಾಹಿನಿಯವರು ಕರಗುತ್ತಾರೆ. ಸುದ್ದಿಯ ತಿಳಿವಳಿಕೆ, ಪ್ರಶ್ನೆ ಕೇಳುವ ಕೌಶಲ, ಉಚ್ಚಾರಣೆ, ತಾಳ್ಮೆ ಇವುಗಳಿಗೆ ಈ ಸಾಲಿನಲ್ಲಿ ಕೊನೆಯ ಜಾಗ.

ಟಿಆರ್‌ಪಿಯನ್ನು ಆಧಾರವಾಗಿ ಇಟ್ಟುಕೊಳ್ಳುವುದರಲ್ಲೂ ತೊಡಕಿದೆ. ಟಿವಿ ನೋಡುವವರ ಲೆಕ್ಕ ಇಡುವ ಬಾರ್ಕ್ ಸಂಸ್ಥೆಯು ಸುದ್ದಿವಾಹಿನಿಗಳ ವಾರದ ರೇಟಿಂಗನ್ನು 2020ರ ಅಕ್ಟೋಬರ್‌ನಲ್ಲಿ ನಿಲ್ಲಿಸಿ 2022ರ ಮಾರ್ಚ್‌ನಲ್ಲಿ ಮತ್ತೆ ಆರಂಭಿಸಿದಾಗ, ನಾಲ್ಕು ವಾರಗಳ ಸರಾಸರಿಯನ್ನು ಕೊಡುವ ಪದ್ಧತಿಗೆ ಬದಲಾಯಿತು. ಒಬ್ಬ ನಿರೂಪಕನ ಸಾಮರ್ಥ್ಯವನ್ನು ಅಳೆಯಲೆಂದು ಹುಟ್ಟಿದ ಲೆಕ್ಕ ಅದಲ್ಲ. ಸಂಜೆ ಏಳರ ಹೊತ್ತಿಗೆ ನೋಡುವವರು ಹೆಚ್ಚು, ಮಧ್ಯಾಹ್ನ ಮೂರಕ್ಕೆ ಕಡಿಮೆ. ಏಳರ ಕುರ್ಚಿಯಲ್ಲಿ ಕುಳಿತವರ ಅಂಕಿ ತಾನಾಗಿ ದೊಡ್ಡದಾಗಿರುತ್ತದೆ. ಮೂರು ಗಂಟೆಯ ಹೊತ್ತನ್ನು ಯಾರಿಗೆ ಕೊಟ್ಟಿದ್ದರೋ ಅವರ ಅಂಕಿ ಚಿಕ್ಕದಾದುದಕ್ಕೆ ಅವರೇ ಹೊಣೆಗಾರರೆಂದು ಹೇಳುವುದು ನ್ಯಾಯವಲ್ಲ.

ನಾನು ಹೈಸ್ಕೂಲಿನಲ್ಲಿ ಕನ್ನಡ ಕಲಿಸಿ ನಿವೃತ್ತಳಾದವಳು. ನನ್ನ ವಿದ್ಯಾರ್ಥಿನಿಯೊಬ್ಬಳು ಖಾಸಗಿ ವಾಹಿನಿಯೊಂದರಲ್ಲಿ ನಿರೂಪಕಿಯಾಗಿದ್ದಳು. ಆ ವಾಹಿನಿಯ ಆಡಳಿತ ಕೈಬದಲಾಗಿ ಬೇರೊಂದು ವಾಹಿನಿಯೊಡನೆ ಸೇರಿದಾಗ, ತಾನು ಆಗಲೇ ಮಾಡುತ್ತಿದ್ದ ಕೆಲಸಕ್ಕೆ ಅವಳು ಹೊಸದಾಗಿ ಸ್ಕ್ರೀನ್ ಟೆಸ್ಟ್ ಕೊಡಬೇಕಾಯಿತು. ಹಬ್ಬಕ್ಕೆ ಊರಿಗೆ ಬಂದಿದ್ದಾಗ ಅದರ ವಿವರವನ್ನು ನನಗೆ ಹೇಳಿದಳು. ಸ್ಟುಡಿಯೋದಲ್ಲಿ ಅವಳನ್ನು ನಿಲ್ಲಿಸಿ, ಪ್ರಾಂಪ್ಟರ್‌ನಲ್ಲಿ ಎರಡು ನಿಮಿಷದ ಸುದ್ದಿ ಹಾಕಿ, ನಡುವೆ ಅದನ್ನು ನಿಲ್ಲಿಸಿಬಿಟ್ಟರಂತೆ. ಕಿವಿಯೊಳಗಿನ ಸಾಧನದಲ್ಲಿ 'ಬ್ರೇಕಿಂಗ್ ಇದೆ, ತುಂಬಿಸಿ' ಎಂಬ ಒಂದೇ ಮಾತು ಬಂತಂತೆ. ಅವಳು ಕೈಯಲ್ಲಿದ್ದ ಕಾಗದ ನೋಡದೆ, ಅಣೆಕಟ್ಟೆಯೊಂದರ ಹಿನ್ನೀರಿನ ಬಗ್ಗೆ, ಮುಳುಗಡೆಯಾದ ಊರುಗಳ ಬಗ್ಗೆ, ಸಂತ್ರಸ್ತರಿಗೆ ಇನ್ನೂ ಹಕ್ಕುಪತ್ರ ಸಿಗದಿರುವುದರ ಬಗ್ಗೆ ತಡವರಿಸದೆ ಮಾತನಾಡಿದಳಂತೆ. ಮಲೆನಾಡಿನ ಹುಡುಗಿ, ಅವಳ ಅಜ್ಜನ ಮನೆಯೇ ಶರಾವತಿಯ ನೀರಿನಡಿ ಹೋದದ್ದು, ಮಾತನಾಡದೆ ಇರುತ್ತಾಳೆಯೇ? ಪರೀಕ್ಷೆ ಮುಗಿದ ಮೇಲೆ ಗಾಜಿನ ಆಚೆ ಕುಳಿತಿದ್ದವರಲ್ಲಿ ಒಬ್ಬರು ಬಂದು, ಕ್ಯಾಮೆರಾಕ್ಕೆ ಮುಖ ಸ್ವಲ್ಪ ದಣಿದಂತೆ ಕಾಣುತ್ತಿದೆ, ಹೊಸ ವಾಹಿನಿಯ ನೋಟಕ್ಕೆ ತಾಜಾತನ ಬೇಕಾಗಿದೆ ಎಂದರಂತೆ. ಅವಳು ಆಡಿದ ಮಾತುಗಳ ಬಗ್ಗೆ ಒಂದು ಅಭಿಪ್ರಾಯವೂ ಬರಲಿಲ್ಲ. ಅಂಕ ಎಷ್ಟು, ಯಾವ ವಿಷಯಕ್ಕೆ ಎಷ್ಟು ಎಂದು ಕೇಳಿದ್ದಕ್ಕೆ ಉತ್ತರವಿರಲಿಲ್ಲ. 'ಮೇಡಂ, ನಾನು ಫೇಲಾದೆ ಅಂತಾದರೂ ಹೇಳಬಹುದಿತ್ತು, ಯಾವುದರಲ್ಲಿ ಫೇಲಾದೆ ಅಂತ ಗೊತ್ತಾಗುತ್ತಿತ್ತು' ಎಂದು ಅವಳು ಹೇಳಿದಾಗ, ಮೂವತ್ತು ಮಕ್ಕಳ ಉತ್ತರಪತ್ರಿಕೆ ತಿದ್ದುವಾಗಲೂ ಅರ್ಧ ಅಂಕಕ್ಕೆ ಕಾರಣ ಹೇಳುವುದನ್ನು ರೂಢಿಸಿಕೊಂಡಿದ್ದ ನನಗೆ ಬಹಳ ನೋವಾಯಿತು. ಅವಳಿಗೆ ಆಗ ನಲವತ್ತೊಂದು.

ಹೆಣ್ಣುಮಕ್ಕಳ ವಯಸ್ಸಿನ ಪ್ರಶ್ನೆ ಈ ವಿಷಯದಲ್ಲಿ ಮತ್ತೆಮತ್ತೆ ಎದುರಾಗುತ್ತದೆ. ಅಮೆರಿಕದ ನ್ಯೂಯಾರ್ಕ್ ನಗರದ ಎನ್‌ವೈ1 ಎಂಬ ಸ್ಥಳೀಯ ಸುದ್ದಿವಾಹಿನಿ ಟೈಮ್ ವಾರ್ನರ್ ಕೇಬಲ್ ಕಂಪನಿಯ ಒಡೆತನದಲ್ಲಿತ್ತು. 2016ರಲ್ಲಿ ಚಾರ್ಟರ್ ಎಂಬ ಕಂಪನಿಯು ಅದನ್ನು ತನ್ನೊಳಗೆ ಸೇರಿಸಿಕೊಂಡಿತು. ಅದಾಗಿ ಮೂರು ವರ್ಷಕ್ಕೆ, 2019ರ ಜೂನ್‌ನಲ್ಲಿ, ಆ ವಾಹಿನಿ 1992ರಲ್ಲಿ ಆರಂಭವಾದಾಗಿನಿಂದ ಅಲ್ಲಿದ್ದ ರೋಮಾ ಟೊರೆ ಸೇರಿದಂತೆ ಐವರು ನಿರೂಪಕಿಯರು ದಾವೆ ಹೂಡಿದರು. ಹೊಸ ಆಡಳಿತ ಬಂದ ಮೇಲೆ ತಮ್ಮ ಹೊತ್ತುಗಳನ್ನು ಕಿರಿಯರಿಗೆ ಮತ್ತು ಪುರುಷರಿಗೆ ಕೊಡಲಾಯಿತು, ಪುರುಷ ಸಹೋದ್ಯೋಗಿಗೆ ಸಿಕ್ಕ ಹೊಸ ಸ್ಟುಡಿಯೋ ಮತ್ತು ಪ್ರಚಾರ ತಮಗೆ ಸಿಗಲಿಲ್ಲ ಎಂಬುದು ಅವರ ಆಪಾದನೆಯಾಗಿತ್ತು. ಆಗ ಅವರ ವಯಸ್ಸು 40ರಿಂದ 61ರವರೆಗೆ. ಕಂಪನಿ ಅದನ್ನು ನಿರಾಕರಿಸಿತು; 2020ರ ಡಿಸೆಂಬರ್‌ನಲ್ಲಿ ರಾಜಿಯಾಯಿತು; ಐವರೂ ವಾಹಿನಿ ಬಿಟ್ಟರು. ನ್ಯೂಯಾರ್ಕಿನ ಬಡಾವಣೆಗಳನ್ನು ಗಲ್ಲಿಗಲ್ಲಿಯಾಗಿ ಬಲ್ಲ ಐವರು ಒಂದೇ ಸಲಕ್ಕೆ ಹೋದಾಗ ಅಲ್ಲಿನ ಜನ ಕಳೆದುಕೊಂಡದ್ದು ಎಷ್ಟೆಂಬುದು ಯಾವ ಲೆಕ್ಕಪತ್ರದಲ್ಲೂ ದಾಖಲಾಗುವುದಿಲ್ಲ.

ಇನ್ನೂ ಹಿಂದಕ್ಕೆ ಹೋದರೆ, 1981ರಲ್ಲಿ ಕ್ಯಾನ್ಸಸ್ ಸಿಟಿಯ ವಾಹಿನಿಯೊಂದು ಕ್ರಿಸ್ಟೀನ್ ಕ್ರಾಫ್ಟ್ ಎಂಬ ನಿರೂಪಕಿಯನ್ನು ವೀಕ್ಷಕರ ಸಮೀಕ್ಷೆಯ ಆಧಾರದ ಮೇಲೆ ಹುದ್ದೆಯಿಂದ ಇಳಿಸಿತ್ತು. ತನಗೆ ವಯಸ್ಸಾಗಿದೆ, ರೂಪ ಸಾಲದು, ಗಂಡಸರಿಗೆ ತಗ್ಗಿ ನಡೆಯುವುದಿಲ್ಲ ಎಂಬ ಕಾರಣ ಹೇಳಿದರೆಂದು ಆಕೆ ನ್ಯಾಯಾಲಯಕ್ಕೆ ತಿಳಿಸಿದರು. ಆಕೆಗೆ ಆಗ 36 ವರ್ಷ. ತೀರ್ಪುಗಾರರು ಎರಡು ಬಾರಿ ಆಕೆಯ ಪರವಾಗಿ ನಿಂತರೂ ಮೇಲಿನ ನ್ಯಾಯಾಲಯದಲ್ಲಿ ಅದು ಉಳಿಯಲಿಲ್ಲ. ಬ್ರಿಟನ್ನಿನ ಮಿರಿಯಮ್ ಓ'ರೈಲಿಯವರ ಪ್ರಕರಣದ ಗತಿ ಬೇರೆಯಾಯಿತು. ಹಳ್ಳಿಗಾಡಿನ ಬದುಕನ್ನು ತೋರಿಸುವ ಕಾರ್ಯಕ್ರಮವೊಂದನ್ನು ರಾತ್ರಿಯ ಮುಖ್ಯ ಹೊತ್ತಿಗೆ ಬದಲಾಯಿಸುವಾಗ ಅವರನ್ನು ಕೈಬಿಡಲಾಗಿತ್ತು. 2011ರ ಜನವರಿಯಲ್ಲಿ ನ್ಯಾಯಮಂಡಳಿಯು ವಯಸ್ಸಿನ ಕಾರಣಕ್ಕೆ ತಾರತಮ್ಯ ನಡೆದಿದೆ ಎಂದು ತೀರ್ಪು ಕೊಟ್ಟಿತು. ಕೃಷಿ, ಜಾನುವಾರು, ಮಳೆಬೆಳೆಗಳ ಬಗ್ಗೆ ಮಾತನಾಡುವವರಿಗೆ ವಯಸ್ಸೇ ಅರ್ಹತೆಯಾಗಬೇಕಾದ ಕಡೆ ಅದೇ ಅನರ್ಹತೆಯಾಯಿತು. ತಲೆ ನರೆತ ಗಂಡಸು ಚರ್ಚೆ ನಡೆಸಿದರೆ ಅನುಭವಿ ಎನ್ನುವ ನಾವು, ಅದೇ ವಯಸ್ಸಿನ ಹೆಂಗಸು ಕನ್ನಡದ ಯಾವ ಖಾಸಗಿ ಸುದ್ದಿವಾಹಿನಿಯ ರಾತ್ರಿಯ ಚರ್ಚೆಯಲ್ಲಿ ಕಾಣುತ್ತಾಳೆ ಎಂದು ಒಮ್ಮೆ ಹುಡುಕಿ ನೋಡಬೇಕು.

ನಮ್ಮ ದೇಶದಲ್ಲೂ ವಿಲೀನಗಳು, ಮಾಲೀಕತ್ವದ ಬದಲಾವಣೆಗಳು ಹೊಸವೇನಲ್ಲ. ಲೋಕಸಭಾ ಮತ್ತು ರಾಜ್ಯಸಭಾ ವಾಹಿನಿಗಳನ್ನು ಸೇರಿಸಿ 2021ರ ಸೆಪ್ಟೆಂಬರ್ 15ರಂದು ಸಂಸದ್ ಟಿವಿ ಆರಂಭವಾಯಿತು. ಅಲ್ಲಿ ಕೆಲವು ಕಾರ್ಯಕ್ರಮಗಳ ನಿರೂಪಣೆಯನ್ನು ಸಂಸದರಿಗೇ ಕೊಡಲಾಗಿತ್ತು. ಅದೇ ವರ್ಷದ ಚಳಿಗಾಲದ ಅಧಿವೇಶನದಲ್ಲಿ ರಾಜ್ಯಸಭೆಯ 12 ಸದಸ್ಯರನ್ನು ಅಮಾನತು ಮಾಡಿದಾಗ, ಅವರಲ್ಲೊಬ್ಬರಾದ ಪ್ರಿಯಾಂಕಾ ಚತುರ್ವೇದಿ ನಿರೂಪಣೆ ಬಿಟ್ಟರು. ಶಶಿ ತರೂರ್ ಅಮಾನತಾದವರಿಗೆ ಬೆಂಬಲವಾಗಿ ತಮ್ಮ ಕಾರ್ಯಕ್ರಮವನ್ನು ನಿಲ್ಲಿಸಿದರು. ನಿರೂಪಕನ ಕುರ್ಚಿಗೂ ಅಧಿಕಾರಕ್ಕೂ ನಡುವೆ ಎಷ್ಟು ಅಂತರವಿರಬೇಕು ಎಂಬ ಪ್ರಶ್ನೆಯನ್ನು ಅದು ಎತ್ತಿತು. 2022ರ ಕೊನೆಯಲ್ಲಿ ಎನ್‌ಡಿಟಿವಿಯ ಒಡೆತನ ಅದಾನಿ ಸಮೂಹದ ಕೈಗೆ ಹೋಗುವ ಹೊತ್ತಿನಲ್ಲಿ ರವೀಶ್ ಕುಮಾರ್ ರಾಜೀನಾಮೆ ಕೊಟ್ಟರು. ಮುಂದಿನ ತಿಂಗಳುಗಳಲ್ಲಿ ಶ್ರೀನಿವಾಸನ್ ಜೈನ್, ನಿಧಿ ರಾಜ್ದಾನ್ ಅವರೂ ಹೊರಬಂದರು. ಅವರು ತಾವಾಗಿ ಬಿಟ್ಟವರು, ಯಾರೂ ಅವರನ್ನು ಪರೀಕ್ಷೆ ಮಾಡಿ ಕೈಬಿಟ್ಟದ್ದಲ್ಲ. ಆದರೂ ವೀಕ್ಷಕರು ಒಂದು ವಾಹಿನಿಯನ್ನು ಅದರ ಲಾಂಛನಕ್ಕಿಂತ ಹೆಚ್ಚಾಗಿ ಅದರ ನಿರೂಪಕರಿಂದ ಗುರುತಿಸುತ್ತಾರೆ ಎಂಬುದು ಆಗ ಎಲ್ಲರಿಗೂ ತಿಳಿದುಬಂತು.

ಇದೆಲ್ಲ ದೆಹಲಿ, ಲಂಡನ್ನಿನ ಮಾತಾಯಿತು, ಶಿವಮೊಗ್ಗದ ಮೂಲೆಯಲ್ಲಿ ಕುಳಿತವರಿಗೆ ಇದರಿಂದ ಏನಾಗಬೇಕು ಎಂದು ಯಾರಾದರೂ ಕೇಳಬಹುದು. ನಮಗೇ ಹೆಚ್ಚು ಆಗಬೇಕಾದ್ದು. ಮಳೆಗಾಲದ ಒಂದು ಸಂಜೆಯನ್ನು ತೆಗೆದುಕೊಳ್ಳಿ. ಆಗುಂಬೆ, ಶೃಂಗೇರಿಯ ಕಡೆ ಎಡೆಬಿಡದೆ ಸುರಿದರೆ ಗಾಜನೂರಿನ ತುಂಗಾ ಅಣೆಕಟ್ಟೆ ಬೇಗ ತುಂಬುತ್ತದೆ, ಏಕೆಂದರೆ ಅದರಲ್ಲಿ ನೀರು ಹಿಡಿದಿಡುವ ಜಾಗ ಕಡಿಮೆ; ಗೇಟು ತೆರೆಯುವುದು ಪ್ರತಿವರ್ಷದ ರೂಢಿ. ಶಿವಮೊಗ್ಗದ ಜನ ಕೋರ್ಪಲಯ್ಯನ ಛತ್ರದ ಬಳಿ ತುಂಗಾ ಹೊಳೆಯಲ್ಲಿರುವ ಮಂಟಪ ಎಷ್ಟು ಮುಳುಗಿದೆ ಎಂದು ನೋಡಿ ನೀರಿನ ಮಟ್ಟವನ್ನು ಅಂದಾಜು ಮಾಡುತ್ತಾರೆ. ಲಿಂಗನಮಕ್ಕಿ ಅಣೆಕಟ್ಟೆ ಇರುವುದಾದರೋ ಶರಾವತಿಗೆ. ಸಮುದ್ರಮಟ್ಟದಿಂದ 1819 ಅಡಿಯ ಗರಿಷ್ಠ ಮಟ್ಟದ ಆ ಜಲಾಶಯ ತುಂಬಿ ನೀರು ಬಿಟ್ಟರೆ ಅದು ಜೋಗ, ಗೇರುಸೊಪ್ಪೆಯ ಮೂಲಕ ಪಶ್ಚಿಮಕ್ಕೆ ಹರಿದು ಹೊನ್ನಾವರದಲ್ಲಿ ಕಡಲು ಸೇರುತ್ತದೆ. ಇಷ್ಟನ್ನು ತಿಳಿಯದ ನಿರೂಪಕರೊಬ್ಬರು, ಲಿಂಗನಮಕ್ಕಿಯ ಗೇಟು ತೆರೆದರೆ ಶಿವಮೊಗ್ಗ ನಗರ ಮುಳುಗುವ ಭೀತಿಯಿದೆಯೇ ಎಂದು ಜಿಲ್ಲಾ ವರದಿಗಾರರನ್ನು ನೇರಪ್ರಸಾರದ ಫೋನ್ ಕರೆಯಲ್ಲಿ ಮೂರು ಬಾರಿ ಕೇಳಿದ್ದನ್ನು ನಾನು ಕೇಳಿದ್ದೇನೆ. ವರದಿಗಾರರು ಮೊದಲ ಸಲ ವಿನಯದಿಂದ ತಿದ್ದಿದರು, ಎರಡನೆಯ ಸಲ ಸ್ಪಷ್ಟವಾಗಿ ಹೇಳಿದರು. ಮೂರನೆಯ ಸಲಕ್ಕೆ ಅವರ ಸಂಪರ್ಕ ಕಡಿದರು. ಅಷ್ಟರಲ್ಲಿ ಪರದೆಯ ಕೆಳಗೆ ಕೆಂಪು ಅಕ್ಷರದಲ್ಲಿ 'ಶಿವಮೊಗ್ಗಕ್ಕೆ ಜಲಕಂಟಕ' ಎಂದು ಓಡುತ್ತಿತ್ತು. ಆ ಸಂಜೆ ಬೆಂಗಳೂರಿನಲ್ಲಿರುವ ಮಕ್ಕಳಿಂದ ಇಲ್ಲಿಯ ತಂದೆತಾಯಿಗಳಿಗೆ ಎಷ್ಟು ಕರೆಗಳು ಬಂದಿರಬಹುದೆಂದು ನೀವೇ ಊಹಿಸಿ.

ಮಂಗನ ಕಾಯಿಲೆಯ ವಿಷಯದಲ್ಲಿ ಇದರ ಪರಿಣಾಮ ಇನ್ನೂ ಕಠಿಣವಾಗುತ್ತದೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಪತ್ತೆಯಾದ ಈ ಜ್ವರ ಉಣುಗಿನ ಕಡಿತದಿಂದ ಬರುತ್ತದೆ. 2019ರಲ್ಲಿ ಸಾಗರ ತಾಲ್ಲೂಕಿನ ಅರಳಗೋಡಿನ ಸುತ್ತ ಅದು ಜೀವಗಳನ್ನು ಬಲಿ ತೆಗೆದುಕೊಂಡಾಗ, ವಿಷಯ ಬಲ್ಲ ನಿರೂಪಕರಾದರೆ ಆರೋಗ್ಯ ಇಲಾಖೆಯವರಿಗೆ ಕೇಳಬೇಕಾದ ಪ್ರಶ್ನೆಗಳು ಬೇಕಾದಷ್ಟಿದ್ದವು: ಕಾಡಿಗೆ ಹೋಗುವವರು ಮೈಗೆ ಹಚ್ಚಿಕೊಳ್ಳುವ ತೈಲ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ತಲುಪಿದೆಯೇ, ಸತ್ತ ಮಂಗನ ಸುತ್ತ ಔಷಧಿ ಸಿಂಪಡಿಸಿದ್ದಾರೆಯೇ, ರಕ್ತದ ಮಾದರಿಯ ವರದಿ ಬರಲು ಎಷ್ಟು ದಿನ ಹಿಡಿಯುತ್ತದೆ, ತರಗೆಲೆ ಗುಡಿಸಲು ಹೋಗುವ ಹೆಂಗಸರಿಗೆ ಮುನ್ನೆಚ್ಚರಿಕೆ ಕೊಟ್ಟಿದ್ದಾರೆಯೇ. ಬೆಟ್ಟದ ಮನೆಯವರು ದರಕು ಎನ್ನುವ ಆ ತರಗೆಲೆ ತರದೆ ಕೊಟ್ಟಿಗೆಗೆ ಹಾಸುವುದು ಹೇಗೆ, ತೋಟಕ್ಕೆ ಹೋಗದೆ ಇರುವುದು ಹೇಗೆ ಎಂಬುದು ತಿಳಿದವರಿಗೆ ಮಾತ್ರ ಈ ಪ್ರಶ್ನೆಗಳು ಹೊಳೆಯುತ್ತವೆ. ತಿಳಿಯದವರು ಮಂಗವನ್ನು ಕಂಡರೆ ಓಡಿ ಎಂಬಂಥ ಗಾಬರಿಯನ್ನು ಹರಡಿ ಮುಂದಿನ ಸುದ್ದಿಗೆ ಹೋಗುತ್ತಾರೆ. ಅಡಿಕೆಯ ಎಲೆಚುಕ್ಕಿ ರೋಗಕ್ಕೂ ಕೊಳೆರೋಗಕ್ಕೂ ವ್ಯತ್ಯಾಸ ತಿಳಿಯದೆ ಬೆಳೆಗಾರರ ಸಂದರ್ಶನ ಮಾಡುವುದೂ ಇದೇ ಜಾತಿಯದು.

ಎಲ್ಲ ನಿರೂಪಕರೂ ಮಲೆನಾಡಿನವರಾಗಿರಬೇಕೆಂದು ನಾನು ಕೇಳುತ್ತಿಲ್ಲ. ಕಲಬುರಗಿಯ ತೊಗರಿ ಬೆಳೆಗಾರರಿಗೂ ಕರಾವಳಿಯ ಮೀನುಗಾರರಿಗೂ ಕೊಡಗಿನವರಿಗೂ ಇದೇ ಹಕ್ಕು ಇದೆ. ಎರಡು ವಾಹಿನಿಗಳು ಬೇರೆಬೇರೆಯಾಗಿದ್ದಾಗ ಎರಡೂ ಕಡೆ ಸೇರಿ ನಾಡಿನ ಹಲವು ಭಾಗಗಳನ್ನು ಬಲ್ಲವರು ಹೇಗೋ ಇರುತ್ತಾರೆ. ಒಂದಾಗಿ ಅರ್ಧದಷ್ಟು ಜನರನ್ನು ಕಳಿಸುವಾಗ ಉಳಿದವರೆಲ್ಲ ಒಂದೇ ನಗರದ ಒಂದೇ ಬಗೆಯ ಅನುಭವದವರಾಗಿಬಿಟ್ಟರೆ, ಆ ತಿಳಿವಳಿಕೆ ಮತ್ತೆ ಕೂಡಿಬರಲು ಎಷ್ಟೋ ವರ್ಷ ಬೇಕು. ಬಿಬಿಸಿಯವರು ಕೂಡ ಬ್ರಿಟನ್ನಿನೊಳಗೆ ದೊಡ್ಡ ಘಟನೆಗಳಾದಾಗ ಅಲ್ಲಿನ ವೀಕ್ಷಕರಿಗೆ ಪ್ರತ್ಯೇಕವಾಗಿ ಸುದ್ದಿ ಕೊಡುವ ಏರ್ಪಾಡನ್ನು ಉಳಿಸಿಕೊಳ್ಳಬೇಕಾಯಿತು. ನಮ್ಮ ಆಕಾಶವಾಣಿಯ ಭದ್ರಾವತಿ ಕೇಂದ್ರವನ್ನು ಅರವತ್ತರ ದಶಕದಿಂದ ಈ ಭಾಗದ ಜನ ತಮ್ಮದೆಂದು ಭಾವಿಸಿರುವುದಕ್ಕೆ ಅಲ್ಲಿಯ ಧ್ವನಿಗಳಿಗೆ ಇಲ್ಲಿನ ಊರುಗಳ ಹೆಸರು, ಹಬ್ಬ, ಬೆಳೆ, ಮಳೆ ನಕ್ಷತ್ರಗಳ ಪರಿಚಯವಿರುವುದೇ ಕಾರಣ.

ಕಾನೂನು ಈ ವಿಷಯದಲ್ಲಿ ಏನು ಹೇಳುತ್ತದೆ ಎಂದು ನೋಡಿದರೆ ನಿರಾಸೆಯಾಗುತ್ತದೆ. ವಿಲೀನ ಎಂದರೇನೆಂದು ನಮ್ಮ ಊರುಗಳವರಿಗೆ ಬ್ಯಾಂಕುಗಳಿಂದ ಚೆನ್ನಾಗಿ ಗೊತ್ತು. 2019ರ ಏಪ್ರಿಲ್ 1ರಂದು ವಿಜಯಾ ಬ್ಯಾಂಕ್ ಬ್ಯಾಂಕ್ ಆಫ್ ಬರೋಡಾದೊಳಗೆ, ಮರುವರ್ಷ ಅದೇ ದಿನ ಸಿಂಡಿಕೇಟ್ ಬ್ಯಾಂಕ್ ಕೆನರಾ ಬ್ಯಾಂಕಿನೊಳಗೆ ಸೇರಿದವು. ಬೋರ್ಡು ಬದಲಾಯಿತು, ಕೆಲವು ಶಾಖೆಗಳು ಮುಚ್ಚಿದವು, ಜನರಿಗೆ ತೊಂದರೆಯೂ ಆಯಿತು. ಆದರೆ ಸೇರ್ಪಡೆಯಾಗುವ ಬ್ಯಾಂಕಿನ ಕಾಯಂ ನೌಕರರೆಲ್ಲರೂ ಹೊಸ ಬ್ಯಾಂಕಿನ ನೌಕರರಾಗುತ್ತಾರೆ, ಅವರ ಸಂಬಳ ಭತ್ಯೆಗಳು ಮೊದಲಿಗಿಂತ ಕಡಿಮೆಯಾಗಬಾರದು ಎಂಬುದನ್ನು ಕೇಂದ್ರ ಸರ್ಕಾರ ಗೆಜೆಟ್‌ನಲ್ಲೇ ಪ್ರಕಟಿಸಿತ್ತು. ಕ್ಯಾಷಿಯರ್ ಮುಖ ದಣಿದಂತೆ ಕಾಣುತ್ತಿದೆ ಎಂದು ಯಾರೂ ಅವರನ್ನು ಕೌಂಟರಿನಿಂದ ಎಬ್ಬಿಸುವಂತಿರಲಿಲ್ಲ. ಖಾಸಗಿ ವಾಹಿನಿಗಳ ನಿರೂಪಕರು ಹೆಚ್ಚಾಗಿ ಕರಾರಿನ ಮೇಲೆ ಕೆಲಸ ಮಾಡುವವರು. ಸಂಸ್ಥೆ ಕೈಬದಲಾದಾಗ ನೌಕರರನ್ನು ರಕ್ಷಿಸಲು 1947ರ ಕೈಗಾರಿಕಾ ವಿವಾದ ಕಾಯ್ದೆಯಲ್ಲಿ ಇದ್ದ 25ಎಫ್ಎಫ್ ಕಲಮು ಕಾರ್ಮಿಕರೆಂಬ ವ್ಯಾಖ್ಯೆಯೊಳಗೆ ಬರುವವರಿಗೆ ಮಾತ್ರ ಅನ್ವಯವಾಗುತ್ತಿತ್ತು. 1955ರ ಕಾರ್ಯನಿರತ ಪತ್ರಕರ್ತರ ಕಾಯ್ದೆ ಬಂದಾಗ ಈ ಬಗೆಯ ವಾಹಿನಿಗಳೇ ಇರಲಿಲ್ಲವಾದ್ದರಿಂದ ಅದು ಪತ್ರಿಕೆಗಳವರಿಗಷ್ಟೇ ಮೀಸಲಾಯಿತು. 2020ರ ಕಾರ್ಮಿಕ ಸಂಹಿತೆಯೊಂದರಲ್ಲಿ ವಿದ್ಯುನ್ಮಾನ ಮಾಧ್ಯಮದವರನ್ನೂ ಪತ್ರಕರ್ತರ ವ್ಯಾಖ್ಯೆಯೊಳಗೆ ತಂದಿರುವುದು ಸ್ವಾಗತಾರ್ಹ, ಆದರೆ ಆಯ್ಕೆಯ ವಿಧಾನದ ಬಗ್ಗೆ ಅಲ್ಲಿಯೂ ಮಾತಿಲ್ಲ. ಕಂಪನಿಗಳ ವಿಲೀನ ಯೋಜನೆ ರಾಷ್ಟ್ರೀಯ ಕಂಪನಿ ಕಾನೂನು ನ್ಯಾಯಮಂಡಳಿಯ ಮುಂದೆ ಹೋಗುವಾಗ ನೌಕರರ ಮೇಲೆ ಆಗುವ ಪರಿಣಾಮವನ್ನು ತಿಳಿಸಬೇಕೆಂಬ ನಿಯಮವಿದೆ. ಸುದ್ದಿವಾಹಿನಿಗಳ ಮಟ್ಟಿಗೆ ಆ ತಿಳಿವಳಿಕೆಯ ಭಾಗದಲ್ಲೇ ನಿರೂಪಕರ ಮತ್ತು ಜಿಲ್ಲಾ ವರದಿಗಾರರ ಆಯ್ಕೆಯ ನಿಯಮವನ್ನು ಸೇರಿಸುವುದು ಅಸಾಧ್ಯವಾದ ಕೆಲಸವೇನಲ್ಲ.

ಮಾಲೀಕರ ಕಡೆಯ ವಾದವನ್ನೂ ನಾನು ಬಲ್ಲೆ. ಒಂದು ಕುರ್ಚಿಗೆ ಇಬ್ಬರನ್ನು ಸಾಕಲು ಆಗುವುದಿಲ್ಲ; ಹಣ ಹೂಡಿದವರಿಗೆ ತಮ್ಮ ವಾಹಿನಿಯ ಮುಖ ಯಾರೆಂದು ಆರಿಸುವ ಸ್ವಾತಂತ್ರ್ಯವಿರಬೇಕು; ಪರದೆಯ ಮೇಲಿನ ಕೆಲಸದಲ್ಲಿ ನೋಟಕ್ಕೂ ಧ್ವನಿಗೂ ಪಾತ್ರವಿದೆ. ಇವನ್ನೆಲ್ಲ ಒಪ್ಪುತ್ತೇನೆ. ನಷ್ಟದಲ್ಲಿರುವ ಎರಡು ವಾಹಿನಿಗಳು ಮುಚ್ಚುವುದಕ್ಕಿಂತ ಒಂದಾಗಿ ಉಳಿಯುವುದು ಮೇಲು ಎಂಬುದೂ ನಿಜ. ಆದರೆ ಆರಿಸುವ ಸ್ವಾತಂತ್ರ್ಯ ಇರುವವರಿಗೆ ಹೇಗೆ ಆರಿಸಿದೆವೆಂದು ಹೇಳುವ ಹೊಣೆಯೂ ಇದೆ. ಸುದ್ದಿವಾಹಿನಿಯು ಸಾಬೂನು ಮಾರುವ ಕಂಪನಿಯಲ್ಲ. ಸರ್ಕಾರದ ಅನುಮತಿ ಪಡೆದು, ಪತ್ರಿಕಾ ಸ್ವಾತಂತ್ರ್ಯದ ರಕ್ಷಣೆ ಪಡೆದು, ಮಂತ್ರಿಗಳನ್ನೂ ಅಧಿಕಾರಿಗಳನ್ನೂ ನೇಮಕಾತಿಯ ಪಾರದರ್ಶಕತೆಯ ಬಗ್ಗೆ ದಿನವೂ ಪ್ರಶ್ನಿಸುವ ಸಂಸ್ಥೆ ಅದು. ಕೆಪಿಎಸ್‌ಸಿ ನೇಮಕಾತಿಯಲ್ಲಿ ವಿಳಂಬವಾದರೆ, ಪಿಎಸ್‌ಐ ಪರೀಕ್ಷೆಯಲ್ಲಿ ಅಕ್ರಮ ನಡೆದರೆ ಗಂಟೆಗಟ್ಟಲೆ ಚರ್ಚೆ ನಡೆಸುವವರು ತಮ್ಮ ಮನೆಯ ನೇಮಕಾತಿಗೆ ಅದೇ ಮಾನದಂಡವನ್ನು ಒಪ್ಪಿಕೊಳ್ಳಬೇಕು.

ಆದ್ದರಿಂದ ವಾಹಿನಿಗಳವರು ವಿಲೀನವನ್ನು ಪ್ರಕಟಿಸುವಾಗಲೇ ನಿರೂಪಕರ ಆಯ್ಕೆಯ ಅಳತೆಗಳನ್ನೂ ಪ್ರಕಟಿಸಲಿ. ಭಾಷೆಗೆ ಎಷ್ಟು, ವಿಷಯಜ್ಞಾನಕ್ಕೆ ಎಷ್ಟು, ನೇರಪ್ರಸಾರದ ಅನುಭವಕ್ಕೆ ಎಷ್ಟು, ರಾಜ್ಯದ ಪ್ರದೇಶಗಳ ಪರಿಚಯಕ್ಕೆ ಎಷ್ಟು ತೂಕ ಎಂಬುದು ಅರ್ಜಿ ಹಾಕುವವರಿಗೂ ನೋಡುವವರಿಗೂ ತಿಳಿಯಲಿ. ಆರಿಸುವ ಸಮಿತಿಯಲ್ಲಿ ಎರಡೂ ವಾಹಿನಿಗಳ ಸಂಪಾದಕರ ಜೊತೆಗೆ ಹೊರಗಿನ ಒಬ್ಬ ಹಿರಿಯ ಪತ್ರಕರ್ತರಾದರೂ ಇರಲಿ. ಆ ಸಮಿತಿಯಲ್ಲಿ ಮಹಿಳೆಯರು ಇರಲೇಬೇಕು. ಆಯ್ಕೆಯಾಗದವರಿಗೆ ಅಂಕಗಳನ್ನೂ ಕಾರಣಗಳನ್ನೂ ಬರಹದಲ್ಲಿ ಕೊಡಲಿ. ಹೋಗುವವರಿಗೆ ತಮ್ಮ ಕೊನೆಯ ಬುಲೆಟಿನ್‌ನಲ್ಲಿ ವೀಕ್ಷಕರಿಗೆ ಎರಡು ಮಾತು ಹೇಳಿ ಹೋಗುವ ಅವಕಾಶ ಸಿಗಲಿ. ಇದು ಚಿಕ್ಕ ವಿಷಯವೆಂದು ಕೆಲವರಿಗೆ ಅನಿಸಬಹುದು. ನಮ್ಮ ಕಡೆ ನಾಲ್ಕು ದಿನ ಇದ್ದು ಹೋಗುವ ನೆಂಟರೂ ಬಾಗಿಲಲ್ಲಿ ನಿಂತು ಬರುತ್ತೇನೆ ಎನ್ನದೆ ಹೊರಡುವುದಿಲ್ಲ, ಹತ್ತು ವರ್ಷ ಮನೆಯೊಳಗೆ ಬಂದವರು ಹಾಗೆ ಮಾಯವಾಗುವುದು ಚೆನ್ನಲ್ಲ.

ಪತ್ರಿಕೆಯವರಾದ ನಿಮ್ಮಲ್ಲಿಯೂ ಒಂದು ವಿನಂತಿಯಿದೆ. ಮುಂದೆ ಯಾವುದೇ ಎರಡು ವಾಹಿನಿಗಳು ಒಂದಾಗುವ ಸುದ್ದಿಯನ್ನು ನೀವು ಪ್ರಕಟಿಸುವಾಗ, ಷೇರುಗಳ ಅನುಪಾತವನ್ನು ಕೊಟ್ಟ ಅದೇ ವರದಿಯಲ್ಲಿ, ನಿರೂಪಕರಲ್ಲಿ ಮತ್ತು ಜಿಲ್ಲಾ ವರದಿಗಾರರಲ್ಲಿ ಎಷ್ಟು ಜನ ಉಳಿಯುತ್ತಾರೆ, ಯಾವ ನಿಯಮದ ಮೇಲೆ ಆರಿಸುತ್ತಾರೆ, ಶಿವಮೊಗ್ಗ, ಚಿಕ್ಕಮಗಳೂರು, ಉತ್ತರ ಕನ್ನಡದಂಥ ಜಿಲ್ಲೆಗಳ ಸುದ್ದಿಗೆ ಯಾರು ಹೊಣೆ ಎಂದು ಎರಡೂ ಸಂಸ್ಥೆಗಳ ಆಡಳಿತವನ್ನು ಕೇಳಿ, ಅವರು ಕೊಟ್ಟ ಉತ್ತರವನ್ನು ಅಚ್ಚುಹಾಕಿ. ಉತ್ತರ ಕೊಡಲು ನಿರಾಕರಿಸಿದರೆ ಅದನ್ನೂ ಅಚ್ಚುಹಾಕಿ.

ಇಂತು ತಮ್ಮ ವಿಶ್ವಾಸಿ,
ನಿವೃತ್ತ ಕನ್ನಡ ಅಧ್ಯಾಪಕಿ,
ಸಾಗರ, ಶಿವಮೊಗ್ಗ ಜಿಲ್ಲೆ